ಸ್ಕೇಲ್ ಇಟ್ಟು ಓದುತ್ತಿದ್ದವರು

ಹರಿಹರದ ಕಾರ್ಖಾನೆಯ ಕಂಪ್ಯೂಟರ್ ಕೋಣೆಯಲ್ಲಿ ಪ್ರೋಗ್ರಾಂ ಬದಲಾದಾಗಲೆಲ್ಲ ಪರೀಕ್ಷೆಗೆಂದು ಅಚ್ಚಾಗುವ ಹಾಳೆಗಳನ್ನು ಹಳೆಯ ಮಾದರಿ ಹಾಳೆಗಳೊಂದಿಗೆ ತಾಳೆ ನೋಡುತ್ತಿದ್ದ ಹಿರಿಯ ಗುಮಾಸ್ತರು ಪ್ರತಿ ಸಾಲಿನ ಕೆಳಗೂ ಮರದ ಸ್ಕೇಲ್ ಇಡುತ್ತಿದ್ದರು. ಅಲ್ಲಿ ಪ್ರೋಗ್ರಾಂ ಬರೆಯುತ್ತಿದ್ದ ನಾನು ದಾಸ್ತಾನು ಫೈಲುಗಳಲ್ಲಿ ಪ್ರತಿ ಮಾಲಿಗೂ ಇದ್ದ ಗುರುತಿನ ಸಂಖ್ಯೆಗಳನ್ನು ಬದಲಿಸಿದಾಗ ಹಳೆಯ ಹಾಳೆ ಒಂದೂ ಹೊಸದಕ್ಕೆ ಹೊಂದಲಿಲ್ಲ.

"ಒಂದೊಂದೇ ಸಾಲು ನೋಡ್ಬೇಕ್ರಿ," ಎಂದರು ಗುಮಾಸ್ತರು, ಎಂದಿನಂತೆ. "ನಂಬರ್ ಬದ್ಲಾಗ್ಲಿ, ಮಾಲು ಬದ್ಲಾಗಬಾರ್ದು."

"ನಂಬರಷ್ಟೇ ಬದಲಾಗಿರೋದು. ಸ್ಕೇಲ್ ಒಳಗಿಡ್ರಿ," ಎಂದು ನಕ್ಕು, ಹೊಸ ಹಾಳೆಗಳೇ ಇನ್ನು ಮಾದರಿ ಎಂದು ಅವರಿಂದ ಸಹಿ ಹಾಕಿಸಿದೆ.

ವಾರದೊಳಗೆ, ಕಂಪ್ಯೂಟರಿನಲ್ಲಿ ಬೇರಿಂಗ್ ಕೇಳಿದರೆ ಬೋಲ್ಟಿನ ದಾಸ್ತಾನು ಬರುತ್ತಿರುವುದು ತಿಳಿಯಿತು. ಆ ತಪ್ಪು ಸಹಿಯಾದ ಹಾಳೆಯಲ್ಲೇ ಇತ್ತು. ಮ್ಯಾನೇಜರ್ ಮುಂದೆ ಗುಮಾಸ್ತರು, "ಸಹಿ ನಂದೇ ಐತ್ರಿ," ಎಂದರು. ತಪ್ಪು ನನ್ನದೆಂದು ನಾನೂ ಹೇಳಿದೆನೆಂದೇ ನನ್ನ ನೆನಪು. ಹೇಳಿದ್ದರೆ, ಮರುದಿನ ಅವರು ಗೇಟಿನ ಹಾಜರಿ ಕೋಣೆಗೆ ವರ್ಗವಾಗಿ, ಅಲ್ಲಿ ಸ್ಕೇಲ್ ಹಿಡಿದು ಯಾಕೆ ಕೂತಿದ್ದರು?