ಪ್ಲಾರಾ ಮಡಕೆಯಿಂದ ಎದ್ದ ಹರಳು

ಸಮಸ್ತ ನಾಗರಿಕರ ಗಮನಕ್ಕೆ: ಥಾಯ್ಲೆಂಡಿನ ಖೋನ್‌ಕೇನ್ ಪಟ್ಟಣದ ಒಂದು ಪ್ರಯೋಗಾಲಯದಲ್ಲಿ ಈ ಶನಿವಾರ ಬೆಳಗಿನ ಜಾವ ಒಂದು ಹರಳು ಅಲುಗಾಡದೆ ಕೂತಿದೆ. ಸಾಸಿವೆ ಪಕ್ಕ ಇಟ್ಟರೆ ಸಾಸಿವೆಯೇ ಕುಂಬಳಕಾಯಿ.

ಅಲುಗಾಡ್ತಾ ಇರೋದು ಬುವಾಲೈ. ಐವತ್ತು ದಾಟಿದ ಈ ಹೆಂಗಸಿನ ಕೆಲಸ ಹರಳು ಬೆಳೆಸೋದು. ಸೂಕ್ಷ್ಮದರ್ಶಕದ ಮುಂದೆ ಕೂರ್ತಾರೆ, ಏಳ್ತಾರೆ, ಬಾಗಿಲ ತನಕ ಹೋಗಿ ಮತ್ತೆ ಬಂದು ಇಣುಕ್ತಾರೆ. ಕೈಲಿರೋ ಅಂಟಕ್ಕಿ ಉಂಡೆ ಒಣಗಿ, ಅದೂ ಹರಳಾಗೋ ಹಂತಕ್ಕೆ ಬಂದಿದೆ. ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕಾಯೋದು ಅಂತಾರಲ್ಲ, ಇವರು ಬಿಟ್ಕೊಂಡಿರೋದು ಹರಳೆಣ್ಣೆ.

ಹರಳಿನ ಮೂಲ ಅವರಮ್ಮನ ಮಡಕೆ. ಮೀನು, ಉಪ್ಪು, ಹುರಿದಕ್ಕಿ ಪುಡಿ ತುಂಬಿ ತಿಂಗಳುಗಟ್ಟಲೆ ಹುಳಿ ಬರಿಸೋ ಪ್ಲಾರಾ. ಆ ಹುಳಿ ಹಿಂಡೋದು ಒಂದು ಬ್ಯಾಕ್ಟೀರಿಯಾದ ಕಿಣ್ವ. ಸಂಸಾರಕ್ಕೆ ಹುಳಿ ಹಿಂಡೋರ ಮುಖ ಎಲ್ಲರಿಗೂ ಗೊತ್ತು, ಮೀನಿಗೆ ಹಿಂಡೋನ ಮುಖ ಯಾರೂ ನೋಡಿಲ್ಲ. ನೋಡ್ಬೇಕಾದ್ರೆ ಅವನನ್ನ ಪುಸಲಾಯಿಸಿ ಹರಳಾಗಿಸಿ, ಎಕ್ಸ್‌ರೇ ಹೊಡೆದು ಚಿತ್ರ ತೆಗೀಬೇಕು.

"ಹೋದ ವರ್ಷ ಹರಳು ಬಂತು ಅಂತ ಕುಣಿದೆ. ನೋಡಿದ್ರೆ ಬರೀ ಉಪ್ಪು! ಪಪಾಯ ಸಲಾಡ್‌ಗೆ ಉದುರಿಸಿಬಿಡಕ್ಕ ಅಂತ ಎಲ್ಲರೂ ರೇಗಿಸಿದ್ರು," ಅಂತಾರೆ ಬುವಾಲೈ. "ಅಮ್ಮ ಬೇರೆ ಪ್ರತಿ ಸಲ ಚುಚ್ತಾಳೆ. ಮಡಕೆಗೆ ಕೈ ಹಾಕಿದ್ಯಲ್ಲೇ, ಏನು ಸಿಕ್ತು ಅಂತ. ಅವಳ ಕಣ್ಣಿರೋವಾಗ್ಲೇ ಒಂದು ಚಿತ್ರ ತೋರಿಸ್ಬೇಕು. ಅಷ್ಟೇ."

ಇಷ್ಟು ಚಿಕ್ಕ ಹರಳಿಗೆ ಬೇಕಾದ ಭಾರೀ ಎಕ್ಸ್‌ರೇ ಯಂತ್ರ ಇರೋದು ತೈವಾನ್‌ನಲ್ಲಿ. ಇವರ ಸರದಿ ಇವತ್ತು ರಾತ್ರಿ. ಬೆಳಗ್ಗೆ ಹತ್ತರ ವಿಮಾನ ತಪ್ಪಿದ್ರೆ ಮುಂದಿನ ವರ್ಷವೇ ಗತಿ. ಅಮ್ಮನ ಕಣ್ಣಿಗೆ ಈಗಲೇ ಪೊರೆ.

ಉಸಿರು ಬಿಗಿಹಿಡಿದು, ಕೂದಲೆಳೆಯಂಥ ಕುಣಿಕೆಯಲ್ಲಿ ಹರಳನ್ನ ಎತ್ತಿ ದ್ರವ ಸಾರಜನಕಕ್ಕೆ ಅದ್ದುತ್ತಾರೆ. ಡಬ್ಬಿ ಮುಚ್ಚುತ್ತಾರೆ. ಪಕ್ಕದಲ್ಲೇ ಲ್ಯಾಬಿನ ಮುಖ್ಯಸ್ಥ ಪ್ರಮೋತ್, ಎಲ್ಲರ ಬಾಯಲ್ಲೂ ಮೇಷ್ಟ್ರು. "ಹೊರಗೆ ಏನಾದ್ರೂ ನಂಬರ್ ಬರೆಯಕ್ಕ" ಅಂತಾರೆ.

"ಹೆತ್ತ ಕೂಸಿಗೆ ನಂಬರ್ ಇಡ್ತಾರಾ ಮೇಷ್ಟ್ರೆ?" ಅಂತ ಬುವಾಲೈ ದಪ್ಪಕ್ಷರದಲ್ಲಿ ಬರೆದೇಬಿಡ್ತಾರೆ: ಅಮ್ಮನ ಪ್ಲಾರಾ.

ವಿಮಾನ ನಿಲ್ದಾಣದ ಸರಕು ಗುಮಾಸ್ತ ಡಬ್ಬಿ ತೂಗ್ತಾನೆ, ಓದ್ತಾನೆ, ಕಂಪ್ಯೂಟರಿಗೆ ಬಡೀತಾನೆ, ಮೂಗು ಮುಚ್ಕೋತಾನೆ. "ಪ್ಲಾರಾ ವಿಮಾನದಲ್ಲಿ ಹೋಗಲ್ಲಕ್ಕ. ನಾತ."

"ಇದರಲ್ಲಿ ಮೀನೇ ಇಲ್ಲ ಕಣೋ! ಕಣ್ಣಿಗೂ ಕಾಣಲ್ಲ, ಮೂಗಿಗೂ ಬರಲ್ಲ. ಬೇಕಾದ್ರೆ ಮೂಸು."

"ಮೂಸಿ ಬಿಡೋ ಹಾಗಿದ್ರೆ ನಿಯಮ ಯಾಕಕ್ಕ?"

"ಚೀಟಿ ಕಿತ್ತು ಹಾಕ್ತೀನಪ್ಪ," ಜೊತೆಗೆ ಬಂದಿರೋ ಮೇಷ್ಟ್ರು ಬೇಡ್ಕೋತಾರೆ.

"ಕೀಳಿ ಸಾರ್. ಆದ್ರೆ ಕಂಪ್ಯೂಟರಲ್ಲಿ ಪ್ಲಾರಾ ಅಂತ ಆಗೋಯ್ತು. ತಿದ್ದೋ ಅಧಿಕಾರ ಬ್ಯಾಂಕಾಕಿನವರದು. ಅವರು ಬರೋದು ಸೋಮವಾರ."

ಗಾಜಿನಾಚೆ ವಿಮಾನ ಓಡುತ್ತೆ, ಏರುತ್ತೆ. ಬುವಾಲೈ ಡಬ್ಬಿಯನ್ನ ಮಗು ಥರ ಎದೆಗವಚಿಕೊಂಡು ಅತ್ತ ಒಂದು ಹೆಜ್ಜೆ, ಇತ್ತ ಒಂದು ಹೆಜ್ಜೆ.

ಗುಮಾಸ್ತ ಮೂಗಿಂದ ಕೈ ತೆಗೆದು ದನಿ ತಗ್ಗಿಸ್ತಾನೆ. "ಅಂದ್ಹಾಗೆ ಅಕ್ಕ, ಯಾವೂರಿನ ಪ್ಲಾರಾ? ನಮ್ಮನೆಗೊಂದು ಮಡಕೆ ಸಿಗುತ್ತಾ?"

ಬುವಾಲೈ ಮೊದಲ ಸಲ ಅಲುಗಾಡದೆ ನಿಲ್ತಾರೆ.

"ನೊಂಗ್ ಹಿನ್ ಊರಿಂದು. ಅಮ್ಮ ಕೈಯಾರೆ ಹಾಕಿದ್ದು."