ಹೊತ್ತು ಮುಳುಗಲೆಂದು ಇಟ್ಟ ಎಳನೀರು

ಎಂಬತ್ತರ ದಶಕದಲ್ಲಿ, ತುರುವೇಕೆರೆ ಹತ್ತಿರದ ನಮ್ಮ ತೆಂಗಿನ ತೋಟಕ್ಕೆ ಕಾಯಿ ಸುಲಿಯಲು ಮಾಯಸಂದ್ರದಿಂದ ಒಬ್ಬ ಸಾಬರು ಬರುತ್ತಿದ್ದರು. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಕುಕ್ಕಿ, ಎರಡೇ ತಿರುವಿಗೆ ಮಟ್ಟೆ ಬಿಡಿಸಿ, "ಕೊಡೋನು ಒಬ್ನೇ ಕಣ್ರೀ ಗೌಡ್ರೇ" ಎನ್ನುತ್ತಿದ್ದರು. ಕೈ ನಿಲ್ಲಿಸದೆ ಪೈಗಂಬರರ ಕಾಲದ ಮಾತು ತೆಗೆಯುತ್ತಿದ್ದರು. "ಮಕ್ಕಾ ಬುಟ್ಟು ಬರಿಗೈಲಿ ಬಂದೋರ್ಗೆ ಮದೀನಾದೋರು ತಮ್ಮ ಖರ್ಜೂರದ ತೋಟದ ಫಲದಾಗೆ ಪಾಲು ಕೊಟ್ರು. ನಮ್ ಧರ್ಮ ಬೇರು ಬುಟ್ಟಿದ್ದು ಅಂಥ ತೋಟದಾಗೇ."

ಒಂದು ರಂಜಾನ್ ತಿಂಗಳ ಉರಿಬಿಸಿಲಲ್ಲಿ ಅವರಿಗೆ ಎಳನೀರು ಕೆತ್ತಿಕೊಟ್ಟೆ. ಉಪವಾಸ ಎಂದರು. ನಮ್ಮ ಶಿವರಾತ್ರಿ ಉಪವಾಸಕ್ಕೆ ಎಳನೀರು ನಡೆಯುತ್ತದೆ. ಇವರದಕ್ಕೂ ನಡೆಯುತ್ತದೆಂದು ವಾದಿಸಿದೆ. ಅವರು ನಕ್ಕು ಅದನ್ನು ಮರದ ಬುಡದಲ್ಲಿಟ್ಟರು. "ಇರ್ಲಿ, ಹೊತ್ತು ಮುಳುಗಿದ ಮ್ಯಾಲೆ ಕುಡೀತೀನಿ."

ಸಂಜೆ ಅವರು ಕೆಲಸ ಮುಗಿಸಿ, ಊರ ದಾರಿಯಲ್ಲಿದ್ದ ಬಾವಿಯ ಕಡೆ ಹೋದರು. ಮನೆಗೇ ಹೊರಟರೆಂದುಕೊಂಡು, ಸುಮ್ಮನೆ ಹಾಳಾಗುತ್ತದಲ್ಲ ಎಂದು ನಾನೇ ಅದನ್ನು ಕುಡಿದುಬಿಟ್ಟೆ. ಕೈಕಾಲು ತೊಳೆದು ಬಂದವರು ಖಾಲಿ ಬುರುಡೆ ನೋಡಿದರು. "ಬುಡಿ ಗೌಡ್ರೇ, ಕೊಡೋನು ಒಬ್ನೇ" ಎಂದು ಬಾವಿಗೆ ಹಿಂತಿರುಗಿ, ನೀರು ಸೇದಿ ಕುಡಿದು ಉಪವಾಸ ಬಿಟ್ಟರು.

ಮುಂದಿನ ರಂಜಾನಿಗೆ ಅವರಿರಲಿಲ್ಲ.

ಆ ಸಂಜೆ ನಮ್ಮಿಬ್ಬರ ತಲೆಯ ಮೇಲೆ ತೋಟದ ತುಂಬ ಎಳನೀರಿತ್ತು. ಇನ್ನೊಂದು ಕೆಡವಿಕೊಡಬೇಕೆಂದು ನನಗೆ ಹೊಳೆಯಲೇ ಇಲ್ಲ.