ಅವ್ವ ಕಣ್ಣು ತೆರೆದ ಗೆರೆ

ನನ್ನ ಕೆಲಸ ಏನೆಂದು ಯಾರಾದರೂ ಕೇಳಿದರೆ ಕಳ್ಳತನ ಎಂದೇ ಹೇಳುತ್ತೇನೆ. ಬೆಂಗಳೂರಿನ ಉಲ್ಲಾಳದ ಕಡೆ ಇರುವ ಒಂದು ಸಂಶೋಧನಾಲಯದಲ್ಲಿ ಜನರ ಮಿದುಳಿನ ಅಲೆಗಳನ್ನು ಸಂಗ್ರಹಿಸುತ್ತಾರೆ. ಮರೆವಿನ ಕಾಯಿಲೆ, ಮೂರ್ಛೆ ರೋಗ ಇಂಥವುಗಳ ಸುಳಿವನ್ನು ಕಂಪ್ಯೂಟರು ಮೊದಲೇ ಹಿಡಿಯಲಿ ಎಂದು ಅದಕ್ಕೆ ಈ ಅಲೆಗಳನ್ನು ತೋರಿಸಿ ತೋರಿಸಿ ಕಲಿಸುತ್ತಾರೆ. ಆ ಸಂಗ್ರಹಕ್ಕೆ ಬೀಗ ಹಾಕುವವಳು ನಾನು. ಹಾಕಿದ ಮೇಲೆ ಅದನ್ನು ಒಡೆಯಲು ನೋಡುವವಳೂ ನಾನೇ. ಒಡೆದರೆ ನನ್ನ ಬೀಗ ಸರಿಯಿಲ್ಲ, ಒಡೆಯದಿದ್ದರೆ ನನ್ನ ಕಳ್ಳತನ ಸರಿಯಿಲ್ಲ. ಹೇಗೂ ಬೈಸಿಕೊಳ್ಳುವುದು ತಪ್ಪುವುದಿಲ್ಲ. ಅವ್ವ ಬದುಕಿದ್ದಾಗ ನೆಂಟರ ಮುಂದೆ, "ಇಕಿ ವಾಚ್‌ಮನ್ ಕೆಲ್ಸ ಮಾಡ್ತಾಳೆ, ಆದ್ರೆ ಎಸಿ ಒಳಗೆ ಕುಂತು" ಎಂದು ಹೇಳಿ ನಗಿಸುತ್ತಿದ್ದಳು.

ಅವ್ವ ದಾವಣಗೆರೆ ಕಡೆಯವಳು. ಮದುವೆಯಾಗಿ ಬಸವೇಶ್ವರನಗರಕ್ಕೆ ಬಂದು ಒಂದು ಜನ್ಮವೇ ಕಳೆದರೂ ಮಾತು ಮಾತ್ರ ಊರಿನದೇ ಉಳಿದಿತ್ತು. ಇನ್ನೊಂದು ಬಿಡದೆ ಉಳಿದದ್ದು ಅಡಿಕೆ. ಎಲೆ, ಸುಣ್ಣದ ಗೊಡವೆಯಿಲ್ಲ. ಬರೀ ಒಂದು ಹೋಳನ್ನು ಕೆನ್ನೆಯೊಳಗೆ ಇಟ್ಟುಕೊಂಡರೆ ಮುಗಿಯಿತು, ಅರ್ಧ ದಿನ ಅವಳಿಗೆ ಯಾರೂ ಬೇಡ. ದಂತವೈದ್ಯರು ಬೈದರು, ನಾನು ಬೈದೆ. ಹತ್ತಿರ ಹೋದಾಗಲೆಲ್ಲ ಬಾಯಿ ಅಲ್ಲಾಡುವುದು ನಿಲ್ಲುತ್ತಿತ್ತು, ಬೆನ್ನು ತಿರುಗಿಸಿದರೆ ಮತ್ತೆ ಶುರು.

ನಮ್ಮ ಲ್ಯಾಬಿನಲ್ಲಿ ಒಂದು ಪದ್ಧತಿ ಇದೆ. ರೋಗಿಗಳ ಅಲೆ ಹೇಗೋ ಸಿಗುತ್ತದೆ, ಅದನ್ನು ಹೋಲಿಸಿ ನೋಡಲು ಬೇಕಾದ ಆರೋಗ್ಯವಂತರ ಅಲೆ ಸಿಗುವುದೇ ಕಷ್ಟ. ಚೆನ್ನಾಗಿ ಇರುವವರು ಯಾರು ತಾನೇ ಬಂದು ತಲೆಗೆ ವೈರು ಅಂಟಿಸಿಕೊಂಡು ಕೂರುತ್ತಾರೆ? ಹಾಗಾಗಿ ಹೊಸ ಅಧ್ಯಯನ ಶುರುವಾದಾಗ ಪ್ರತಿಯೊಬ್ಬರೂ ತಮ್ಮ ಮನೆಯ ಹಿರಿಯರನ್ನು ಕರೆದುಕೊಂಡು ಬರಬೇಕು. ನಾನು ಅವ್ವನನ್ನು ಕರೆದೊಯ್ದ ಶನಿವಾರ ಲ್ಯಾಬು ಮದುವೆ ಛತ್ರದ ಹಾಗಿತ್ತು. ಅಮ್ಮಂದಿರು, ಅತ್ತೆಯರು, ಒಬ್ಬರ ತಾತ, ಒಬ್ಬರ ಸೋದರತ್ತೆ ಸಾಲಾಗಿ ಕುಳಿತು ಒಬ್ಬರ ಸೀರೆಯನ್ನು ಇನ್ನೊಬ್ಬರು ಮುಟ್ಟಿ ನೋಡುತ್ತಿದ್ದರು. ತಲೆಗೆ ಎಣ್ಣೆ ಹಚ್ಚಬೇಡಿ ಎಂದು ಎಲ್ಲರಿಗೂ ಮೊದಲೇ ಹೇಳಿದ್ದೆವು. ಎಲ್ಲರೂ ಹಚ್ಚಿಕೊಂಡೇ ಬಂದಿದ್ದರು. ಬಂದವರ ಮುಂದೆ ಕೆದರಿದ ತಲೆಯಲ್ಲಿ ಕೂರುವುದು ಹೇಗೆ ಎಂಬುದು ಅವ್ವನ ವಾದ.

ಅವಳನ್ನು ಕುರ್ಚಿಯಲ್ಲಿ ಕೂರಿಸಿ, ತೂತುತೂತಿನ ಬಟ್ಟೆಯ ಟೋಪಿ ಹಾಕಿ, ಒಂದೊಂದು ತೂತಿಗೂ ತಣ್ಣನೆಯ ಜೆಲ್ ತುಂಬಿದರು. ಕಣ್ಣು ಮುಚ್ಚಿ, ಅಲ್ಲಾಡದೆ, ಬಾಯಲ್ಲಿ ಏನೂ ಇಲ್ಲದೆ ಸ್ವಲ್ಪ ಹೊತ್ತು ಕೂರಬೇಕು. ಪರದೆಯ ಮೇಲೆ ಗೆರೆಗಳು ಓಡತೊಡಗಿದವು. ಕಣ್ಣು ಮುಚ್ಚಿ ನಿರಾಳವಾಗಿ ಕೂತವರ ಗೆರೆ ಒಂದೇ ಹದದಲ್ಲಿ ಏರಿಳಿಯುತ್ತದೆ. ಕಣ್ಣು ತೆರೆದ ತಕ್ಷಣ ಆ ಏರಿಳಿತ ಮಾಯವಾಗುತ್ತದೆ. ದವಡೆ ಅಲ್ಲಾಡಿಸಿದರೆ ಗೆರೆಯೆಲ್ಲ ಪೊದೆಯಂತೆ ಕೆದರಿಕೊಳ್ಳುತ್ತದೆ. ಅವ್ವನ ಗೆರೆ ಕೆದರಿತು. ಸರಿಹೋಯಿತು. ಮತ್ತೆ ಕೆದರಿತು.

"ಅವ್ವಾ!" ಎಂದು ಗದರಿದೆ. "ಬಾಯಲ್ಲಿ ಏನಿದೆ?"

ಅವಳು ಕಣ್ಣು ತೆರೆದು ನನ್ನನ್ನು ನೋಡಿದಳು. "ಏನೂ ಇಲ್ಲ ತಗ. ನಿನ್ ಮಿಷನ್ನೇ ಸರಿ ಇಲ್ಲ."

ಎಲ್ಲರೂ ನಕ್ಕರು. ನಮ್ಮ ತಂಡದ ಮುಖ್ಯಸ್ಥೆ, ನರರೋಗಗಳ ವೈದ್ಯೆ, ಅವರಂತೂ ಕಣ್ಣೀರು ಬರುವಷ್ಟು ನಕ್ಕರು. ಹೆಸರು, ವಿಳಾಸ, ಗೆರೆಯ ಜೊತೆ ದಾಖಲಾದ ದನಿ ಎಲ್ಲವನ್ನೂ ಕಳಚಿ, ಗೆರೆಗೆ ಒಂದು ಸಂಖ್ಯೆ ಕೊಟ್ಟು, ಯಾವ ಸಂಖ್ಯೆ ಯಾರದೆಂದು ಯಾರಿಗೂ ತಿಳಿಯದಂತೆ ಮಾಡಿದೆವು. ಆ ಕೊಂಡಿಯನ್ನು ಪೂರ್ತಿ ಅಳಿಸಬೇಕು ಎಂದು ಹಟ ಹಿಡಿದವಳು ನಾನೇ. ಅದೇ ಅಧ್ಯಯನಕ್ಕೆ ನಾಯಂಡಹಳ್ಳಿಯಿಂದ ಒಬ್ಬ ತಾಯಿ ಮೂರ್ಛೆ ರೋಗವಿದ್ದ ಮಗಳನ್ನು ಕರೆತಂದಿದ್ದಳು. ಗಂಡನದು ಅಲ್ಲೇ ಗ್ಯಾರೇಜು. ಟೋಪಿ ಹಾಕುವ ಮುಂಚೆ ಅವಳು ನನ್ನ ಕೈ ಹಿಡಿದುಕೊಂಡು, "ಮೇಡಂ, ನಾಳೆ ಇವ್ಳಿಗೆ ಗಂಡು ನೋಡ್ಬೇಕು. ಇದು ಯಾರ್ಗೂ ಗೊತ್ತಾಗಲ್ಲ ಅಲ್ವಾ?" ಎಂದು ಕೇಳಿದ್ದಳು. ಗೊತ್ತಾಗುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ಆ ಮಾತಿನ ಮೇಲೆಯೇ ನಮ್ಮ ನಿಯಮ ನಿಂತಿತ್ತು: ಯಾರ ದಾಖಲೆಯಾದರೂ ಯಾರದೆಂದು ಪತ್ತೆಯಾದರೆ ಅದನ್ನು ಎಲ್ಲ ಕಡೆಯಿಂದಲೂ ಅಳಿಸಬೇಕು, ಒಂದು ಪ್ರತಿಯೂ ಉಳಿಯಬಾರದು.

ಅವ್ವ ಹೋದದ್ದು ಆಮೇಲೆ. ಮಿದುಳಿನಲ್ಲಿ ರಕ್ತಸ್ರಾವ. ರಾಜಾಜಿನಗರದ ಒಂದು ಆಸ್ಪತ್ರೆಯಲ್ಲಿ ಮಂಚದ ಪಕ್ಕ ನಿಂತು ಎಷ್ಟು ಕೂಗಿದೆನೋ ನನಗೇ ಗೊತ್ತಿಲ್ಲ. ನರ್ಸು ಬಂದು, "ಆಂಟಿ, ಮೆತ್ತಗೆ ಕರೀರಿ, ಪಕ್ಕದಲ್ಲಿ ಪೇಷೆಂಟ್ ಇದಾರೆ" ಎಂದಳು. ಮೆತ್ತಗೂ ಕರೆದೆ. ಅವ್ವ ಕಣ್ಣು ತೆರೆಯಲಿಲ್ಲ.

ಹೋದವರು ಮನೆಯ ಮೂಲೆಮೂಲೆಯಲ್ಲೂ ಇರುತ್ತಾರೆ ಎಂದು ಸಮಾಧಾನ ಹೇಳಲು ಬಂದವರೆಲ್ಲ ಹೇಳಿದರು. ಸುಳ್ಳು. ನಮ್ಮ ಮನೆಯ ಯಾವ ಮೂಲೆಯಲ್ಲೂ ಅವಳಿರಲಿಲ್ಲ. ಸಂಜೆ ಬಸ್ಸಿಳಿದು ಬರುವಾಗ ಗೇಟಿನ ಚಿಲಕದ ಸದ್ದಿಗೆ ಒಳಗಿನಿಂದ "ಬಂದ್ಯಾ?" ಎನ್ನುವವರಿಲ್ಲ ಎಂಬುದನ್ನು ನನ್ನ ಕಿವಿ ಇನ್ನೂ ಕಲಿತಿಲ್ಲ. ಚಿಲಕ ತೆಗೆದು ಒಂದು ಗಳಿಗೆ ನಿಂತೇ ಒಳಗೆ ಹೋಗುತ್ತೇನೆ. ಅವಳ ದನಿಯ ಒಂದೆರಡು ವಾಯ್ಸ್ ಮೆಸೇಜುಗಳಿವೆ, ಎಲ್ಲವೂ ಕೊತ್ತಂಬರಿ ಸೊಪ್ಪು ತಾ ಎನ್ನುವಂಥವು. ಅವುಗಳನ್ನು ಕೇಳಿ ಕೇಳಿ ಈಗ ಅದು ಬರೀ ಸದ್ದಾಗಿಬಿಟ್ಟಿದೆ.

ಕಳೆದ ಬೇಸಿಗೆಯಲ್ಲಿ ಸಂಗ್ರಹವನ್ನು ಬೇರೆ ಊರುಗಳ ಸಂಶೋಧಕರಿಗೂ ಕೊಡಬೇಕೆಂಬ ಮಾತು ಬಂತು. ಅಲ್ಲಿಯವರೆಗೆ ನಾವು ಹೊರಗೆ ಕೊಡುತ್ತಿದ್ದದ್ದು ತೊಳೆದ ಗೆರೆಗಳನ್ನು. ಕಣ್ಣು ಮಿಟುಕಿಸಿದ್ದು, ಹಲ್ಲು ಕಡಿದದ್ದು, ಕೆಮ್ಮಿದ್ದು, ಎಲ್ಲವನ್ನೂ ಕೊಳೆ ಎಂದು ತೆಗೆದುಹಾಕಿ ಬರೀ ಮಿದುಳನ್ನು ಉಳಿಸುತ್ತೇವೆ. ಈಗಿನ ಕಂಪ್ಯೂಟರುಗಳಿಗೆ ಕೊಳೆಯೂ ಬೇಕಂತೆ, ಹಸಿಯಾದದ್ದನ್ನೇ ಕೊಡಿ ಎಂದು ಆ ಸಂಶೋಧಕರು ಕೇಳಿದರು. "ಹಸಿ ಗೆರೆ ನೋಡಿ ಯಾರನ್ನಾದ್ರೂ ಗುರುತು ಹಿಡಿಯೋಕೆ ಆಗತ್ತಾ, ನೀನೇ ನೋಡಿ ಹೇಳಮ್ಮ" ಎಂದರು ವೈದ್ಯೆ. ನನ್ನ ಕಳ್ಳತನಕ್ಕೆ ಅಪ್ಪಣೆ ಸಿಕ್ಕಿತು.

ಕಳ್ಳ ಮೊದಲು ಗೊತ್ತಿರುವ ಮನೆಗೇ ನುಗ್ಗುತ್ತಾನೆ. ನಾನೂ ನನಗೆ ಚೆನ್ನಾಗಿ ಗೊತ್ತಿರುವವರನ್ನೇ ಹುಡುಕಬೇಕಿತ್ತು; ಕೆಲಸದ ಕ್ರಮವೇ ಹಾಗೆ. ಕ್ರಮ ಹಾಗಿಲ್ಲದಿದ್ದರೂ ಅವಳನ್ನೇ ಹುಡುಕುತ್ತಿದ್ದೆ, ಸುಳ್ಳೇಕೆ? ವಯಸ್ಸಾದವರ ಹಸಿ ಗೆರೆಗಳನ್ನು ಒಂದೊಂದಾಗಿ ತೆರೆಯುತ್ತ ಹೋದೆ. ನಿದ್ದೆ ಹೋದವರು, ಕೆಮ್ಮುವವರು, ರೆಪ್ಪೆ ನಿಲ್ಲದವರು. ಕೊನೆಗೆ ಒಂದು ಮಧ್ಯಾಹ್ನ, ಊಟದ ಡಬ್ಬಿ ಪಕ್ಕದಲ್ಲೇ ತೆರೆದಿರುವಾಗ, ಒಂದು ಗೆರೆ ಕೆದರಿತು. ಸರಿಹೋಯಿತು. ಮತ್ತೆ ಮೆಲ್ಲಗೆ, ಕದ್ದು ಕದ್ದು, ಕೆದರಿತು. ಯಾರೋ ಹತ್ತಿರ ಬಂದರೆಂದು ನಿಂತಂತೆ ನಿಂತಿತು.

ಮುಂದಕ್ಕೆ ಸರಿಸಿದೆ. ಹದವಾಗಿ ಏರಿಳಿಯುತ್ತಿದ್ದ ಗೆರೆ ಒಂದೆಡೆ ತಟ್ಟನೆ ಮಾಯವಾಗಿತ್ತು. ಅಲ್ಲಿ ಕಣ್ಣು ತೆರೆದಿದೆ. ಅದು ನಾನು "ಅವ್ವಾ" ಎಂದ ಜಾಗ. ದನಿಯನ್ನು ಅಳಿಸಿದ್ದೆವು. ಆದರೆ ನನ್ನ ದನಿ ಅವಳೊಳಗೆ ಹೋಗಿ ಮುಟ್ಟಿದ್ದನ್ನು ಅಳಿಸಿರಲಿಲ್ಲ. ಆಸ್ಪತ್ರೆಯಲ್ಲಿ ಅಷ್ಟು ಕೂಗಿದರೂ ತೆರೆಯದ ಕಣ್ಣನ್ನು ಇಲ್ಲಿ ಒಂದೇ ಕೂಗಿಗೆ ತೆರೆದಿದ್ದಳು.

ಹಿಂದಕ್ಕೆ ಸರಿಸಿದೆ. ಮತ್ತೆ ತೆರೆದಳು. ಅನ್ನ ಆರಿಹೋಯಿತು. ಸಂಜೆಯವರೆಗೂ ನಾನು ಕರೆಯುತ್ತಲೇ ಇದ್ದೆ, ಅವ್ವ ಕಣ್ಣು ತೆರೆಯುತ್ತಲೇ ಇದ್ದಳು. ಅಷ್ಟು ಸಂತೋಷ ನನಗೆ ಅವಳು ಹೋದ ಮೇಲೆ ಆಗಿರಲಿಲ್ಲ.

ಆದರೆ ನನಗೆ ಅವ್ವ ಸಿಕ್ಕಿದ್ದಾಳೆಂದರೆ, ನಾಯಂಡಹಳ್ಳಿಯ ಆ ಹುಡುಗಿಯೂ ಯಾರಿಗೋ ಸಿಗುತ್ತಾಳೆ. ಸುಮ್ಮನಿದ್ದರೆ ಹಸಿ ಗೆರೆಗಳು ಊರೂರಿಗೆ ಹೋಗುತ್ತವೆ. ಹೇಳಿದರೆ ಅವ್ವನನ್ನು ಅಳಿಸಬೇಕು. ಹೇಳಿ, ಅವ್ವನನ್ನು ಮಾತ್ರ ಬಚ್ಚಿಟ್ಟುಕೊಂಡರೆ? ಬೇಲಿಯೇ ಎದ್ದು ಹೊಲ ಮೇಯ್ದಂತೆ. ಆ ವಾರವೆಲ್ಲ ಬಸ್ಸಿನಲ್ಲಿ ಇದೇ ಲೆಕ್ಕಾಚಾರ. ನನ್ನ ಸ್ಟಾಪು ದಾಟಿ ಮುಂದೆ ಹೋಗಿ ನಡೆದು ವಾಪಸು ಬಂದದ್ದೂ ಉಂಟು.

ಸೋಮವಾರ ವೈದ್ಯೆಯ ಕೋಣೆಗೆ ಹೋಗಿ ಹೇಳಿದೆ. "ಮೇಡಂ, ಹಸಿ ಡೇಟಾ ಹೊರಗೆ ಕೊಡೋ ಹಾಗಿಲ್ಲ. ಒಬ್ಬರನ್ನ ಗುರುತು ಹಿಡಿದೆ."

"ಗ್ಯಾರಂಟಿನಾ? ಯಾರು?"

"ನಮ್ಮವ್ವ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಗ ನಾನು, ನಿಯಮ ಬರೆದ ಮಹಾತಾಯಿ, ನಾಚಿಕೆ ಬಿಟ್ಟು ಕೇಳಿದೆ. "ಅಳಿಸೋ ಮುಂಚೆ ಒಂದು ಕಾಪಿ ನಾನು ಇಟ್ಕೊಳ್ಳಾ? ಮಗಳು ನಾನು. ಇನ್ಯಾರಿಗೂ ತೋರಿಸಲ್ಲ."

"ಕೂತ್ಕೋ," ಎಂದರು. "ಅವತ್ತು ಒಪ್ಪಿಗೆ ತಗೊಳ್ಳುವಾಗ ನೀನು ಅವರಿಗೆ ನೀರು ತರೋಕೆ ಹೋಗಿದ್ದೆ. ಆಗಿನ್ನೂ ನೀನು ಕೊಂಡಿ ಅಳಿಸಬೇಕು ಅಂತ ಹಟ ಹಿಡಿದಿರಲಿಲ್ಲ. ಎಲ್ಲರನ್ನೂ ಕೇಳ್ತಿದ್ವಲ್ಲ, ನಿಮ್ಮ ಕಾಲ ಆದ್ಮೇಲೆ ಮನೆಯವರು ಬಂದು ಕೇಳಿದ್ರೆ ಇದನ್ನ ಕೊಡಬಹುದಾ ಅಂತ. ನಿಮ್ಮ ತಾಯಿ ಬೇಡ ಅಂದ್ರು."

"ಬೇಡ ಅಂದ್ಲಾ? ಯಾಕಂತೆ?"

ವೈದ್ಯೆ ಅವ್ವನ ಮಾತನ್ನು ಅವಳ ಧಾಟಿಯಲ್ಲೇ ಹೇಳಲು ನೋಡಿದರು, ಬರಲಿಲ್ಲ, ಆದರೂ ನನಗೆ ಅವ್ವನೇ ಕೇಳಿಸಿದಳು. "'ಅವರಪ್ಪ ಹೋಗಿ ಇಷ್ಟ್ ವರ್ಷ ಆತು, ಇವತ್ತಿಗೂ ಅವರ ಫೋನ್ ಚಾರ್ಜಿಗೆ ಹಾಕ್ತಾಳೆ. ಇದನ್ನೂ ಕೊಟ್ರೆ ಇದನ್ನೂ ಹಿಡ್ಕಂಡು ಕುಂದರ್ತಾಳೆ. ಎದ್ದು ಊಟನೂ ಮಾಡಲ್ಲ. ಕೊಡಬ್ಯಾಡ್ರಿ' ಅಂದ್ರು."

ನಾನು ಅಲ್ಲೇ, ಆ ಕುರ್ಚಿಯಲ್ಲೇ, ಮಕ್ಕಳ ಹಾಗೆ ಬಾಯಿಬಿಟ್ಟು ಅತ್ತೆ. ಅವ್ವ ಬೇಕಿತ್ತು ನನಗೆ. ಗೆರೆಯಾಗಿಯಾದರೂ ಸರಿ, ಬೇಕಿತ್ತು. ವೈದ್ಯೆ ಎದ್ದು ಬಾಗಿಲು ಮುಂದೆ ಮಾಡಿ ಬಂದು ನನ್ನ ಪಕ್ಕ ಕುಳಿತರು.

ಮಧ್ಯಾಹ್ನ ಊಟ ಮಾಡಿದೆ. ಡಬ್ಬಿ ಪೂರ್ತಿ ಖಾಲಿ ಮಾಡಿ, ಕೈ ತೊಳೆದು ಬಂದು ಎಲ್ಲ ಕಡೆಯಿಂದಲೂ ಅವಳನ್ನು ತೆಗೆದೆ. ಕೊನೆಯಲ್ಲಿ ಕಂಪ್ಯೂಟರು ಖಚಿತವೇ ಎಂದು ಕೇಳಿತು. ಖಚಿತವಿರಲಿಲ್ಲ. ಒತ್ತಿದೆ.

ಮನೆಗೆ ಬಂದವಳು ಅಪ್ಪನ ಫೋನನ್ನು ಎಂದಿನಂತೆ ಚಾರ್ಜಿಗೆ ಹಾಕಿದೆ. ಅವ್ವ ಹೇಳಿದ್ದನ್ನೆಲ್ಲ ನಾನು ಯಾವತ್ತು ಕೇಳಿದ್ದೇನೆ?